ಬಾಲದ ಅಳತೆ

ಸೋಮವಾರ, ೧೭ ನವೆಂಬರ್. ಇಳಕಲ್ಲ.

ಹಲ್ಲಿ ಇವತ್ತೂ ಪೆಟ್ಟಿಗೆಯೊಳಗಿನ ಹೆಂಚಿನ ಚೂರಿನ ಕೆಳಗಿಂದ ಹೊರಗೆ ಬರಲಿಲ್ಲ. ತಪ್ಪು ನನ್ನದೇ.

ಮಹಡಿಯ ಬಾಡಿಗೆಯವರು ಮನೆ ಖಾಲಿ ಮಾಡುವಾಗ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟುಹೋದ ಈ ಸಾಕುಹಲ್ಲಿಯ ಬಾಲ ಆಗ ಕಡ್ಡಿಯಂತಿತ್ತು. ಬಾಲವೇ ಅದರ ಬುತ್ತಿ, ಕೊಬ್ಬೆಲ್ಲ ಅಲ್ಲೇ ಕೂಡಿಡುತ್ತದೆ ಎಂದಿದ್ದರು ದನದ ದವಾಖಾನೆಯ ಡಾಕ್ಟರು. ತಿಂಗಳಿಡೀ ಮಿಡತೆ ತಿನ್ನಿಸಿದೆ. ದಪ್ಪಗಾಗಿದೆಯೇ ನೋಡೋಣವೆಂದು ನಿನ್ನೆ ಮಗ್ಗದ ರೇಷ್ಮೆ ಎಳೆಯೊಂದನ್ನು ಬಾಲಕ್ಕೆ ಸುತ್ತಿದೆ. ಗಾಬರಿಯಾದರೆ ಹಲ್ಲಿ ಬಾಲ ಕಳಚಿಬಿಡುತ್ತದೆ ಎಂಬುದು ಅದು ಒದ್ದಾಡಿದ ಮೇಲೆ ನೆನಪಾಯಿತು. ಎಳೆ ಬಿಚ್ಚಿದೆ. ಬಾಲವೇನೋ ಉಳಿಯಿತು. ಆಗಿನಿಂದ ಹಲ್ಲಿ ಮಿಡತೆಯ ಕಡೆ ತಿರುಗಿಯೂ ನೋಡಿಲ್ಲ.

ಹಲ್ಲಿ ಎಂದರೆ ಮಾರು ದೂರ ಸರಿಯುವ ಅತ್ತೆ ಸಂಜೆ ಪೆಟ್ಟಿಗೆಯ ಮುಂದೆ ಕೂತಿದ್ದರು. "ಉಣ್ಣಾಕ ಹಾಕಿದ್ದಿ, ಅಷ್ಟ ಸಾಕಿತ್ತು. ಅಳತಿ ಯಾಕ ಬೇಕಾಗಿತ್ತವಾ ನಿನಗ?"

ಬಾಲ ದಪ್ಪಗಾಗಿದ್ದು ಖರೆ. ಹೆಂಚಿನ ಕೆಳಗೆ ಈಗ ಆ ಬುತ್ತಿಯನ್ನೇ ಬಿಚ್ಚಿ ಉಣ್ಣುತ್ತಿರಬೇಕು.