ಯಮ್ಮಾ ಎಂಬ ಕೂಗು

ಅಮ್ಮಾನ್
ಅಕ್ಟೋಬರ್ ೧೪

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಮಾತು ಕಡಿದುಹೋಯಿತಲ್ಲ, ಅದು ಲೈನಿನ ತಪ್ಪಲ್ಲ, ನಾನೇ ಇಟ್ಟುಬಿಟ್ಟೆ. ನೀನು ಆ ಮಾತು ಕೇಳುವಾಗ ಅಲ್ತಿನಾಯ್ ನಿನ್ನ ತೊಡೆಯ ಮೇಲೆ ಕೂತು ಏನೋ ಗುನುಗುತ್ತಿದ್ದಳು. ನನ್ನ ಮಗಳ ದನಿ ಕಿವಿಗೆ ಬೀಳುತ್ತಿರುವಾಗ ಅಂಥದಕ್ಕೆ ಹೇಗೆ ಉತ್ತರ ಕೊಡಲಿ? ನಮ್ಮ ನಾರಿನ್ ಕಡೆಗೆ ಹೊರಟಿರುವ ಸಹಪಾಠಿಯ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತಿದ್ದೇನೆ.

ಮೊದಲು ಈ ಊರಿನ ಸುದ್ದಿ. ಇಲ್ಲಿಯೂ ಗುಡ್ಡಗಳೇ, ಆದರೆ ಹುಲ್ಲಿನ ಬದಲು ಮನೆಗಳು. ಎಲ್ಲಿಗೆ ಹೋದರೂ ಮೆಟ್ಟಿಲು ಹತ್ತಬೇಕು. ನೀರು ವಾರಕ್ಕೊಮ್ಮೆ ಬರುತ್ತದೆ, ಆ ದಿನ ಇಡೀ ಬೀದಿ ಬಟ್ಟೆ ಒಗೆಯುತ್ತದೆ. ಚಹಾಕ್ಕೆ ನಮ್ಮಲ್ಲಿಯ ಹಾಗೆ ಹಾಲೂ ಇಲ್ಲ, ಉಪ್ಪೂ ಇಲ್ಲ, ಬರೀ ಸಕ್ಕರೆ. ಬಿಷ್ಕೆಕ್‌ನಲ್ಲಿ ಅಷ್ಟು ವರ್ಷ ಕಲಿತ ನನ್ನ ಅರಬ್ಬಿ ಪುಸ್ತಕದ್ದು, ಇಲ್ಲಿ ರೇಡಿಯೋ ವಾರ್ತೆಯಲ್ಲಿ ಮಾತ್ರ ಕೇಳುವಂಥದ್ದು. ತರಕಾರಿ ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ಅಂಗಡಿಯವನು ಪಕ್ಕದವನನ್ನು ಕರೆದು, "ಬಾರೋ ಬೇಗ, ವಾರ್ತೆ ಶುರುವಾಯ್ತು!" ಅನ್ನುತ್ತಾನೆ. ಬೀದಿಯ ಭಾಷೆಯಲ್ಲಿ ನಾನು ಕಲಿತ ಮೊದಲ ಪದ "ಯಮ್ಮಾ". ಹಸಿದ ಮಕ್ಕಳು ಕೆಳಗಿನಿಂದ ತಾಯಂದಿರನ್ನು ಹಾಗೆ ಕೂಗುತ್ತವೆ. ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಕೂಗು ಮಾತ್ರ ಬೇರೆ. ಬೀದಿಯ ಮಕ್ಕಳೆಲ್ಲ ಮನೆ ಸೇರಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಅದು ನನ್ನ ಕೋಣೆಯ ಮೇಲಿನಿಂದ ಬರುತ್ತಿತ್ತು. ಸಣ್ಣ ದನಿ. "ಯಮ್ಮಾ... ಯಮ್ಮಾ..." ಉತ್ತರಕ್ಕೆ ಕಾಯುವ ಹಾಗೆ ಸುಮ್ಮನಾಗಿ, ಮತ್ತೆ ಕೂಗುತ್ತಿತ್ತು. ಯಾರೂ ಓಗೊಡುತ್ತಿರಲಿಲ್ಲ. ಮನೆಯೊಡತಿಗೆ ಉಮ್ ವಫಾ ಎಂದು ಹೆಸರು, ಅಂದರೆ ವಫಾಳ ತಾಯಿ. ಇಲ್ಲಿ ಹೆಂಗಸರನ್ನು ಕರೆಯುವುದೇ ಮಕ್ಕಳ ಹೆಸರು ಹಿಡಿದು. ಮೇಲೆ ಮಗು ಇದೆಯಾ ಎಂದು ಅವರನ್ನು ಕೇಳಿದೆ. "ಮೇಲೆ ನೀರಿನ ಟ್ಯಾಂಕಿದೆ, ಬೆಕ್ಕಿದೆ. ಬೆಕ್ಕಿನ ಹತ್ರ ಅರಬ್ಬಿ ಕಲೀತೀಯೇನೇ?" ಎಂದು ನಕ್ಕುಬಿಟ್ಟರು.

ನನಗೆ ನಗು ಬರಲಿಲ್ಲ ಅಮ್ಮ. ಅದು ಅಲ್ತಿನಾಯ್ ದನಿಯೇ ಅನ್ನಿಸತೊಡಗಿತ್ತು. ಅವಳಿಗೆ ಏನೋ ಆಗಿದೆ, ನೀನು ಮುಚ್ಚಿಡುತ್ತಿದ್ದೀಯ ಎಂದು ಹೆದರಿದೆ. ಮತ್ತೆ ಮತ್ತೆ ಫೋನ್ ಮಾಡಿ, ಮಲಗಿದ್ದರೂ ಸರಿ, ಅವಳ ಉಸಿರು ಕೇಳಿಸು ಎಂದು ಪೀಡಿಸಿದ್ದು ಅದಕ್ಕೇ. ಹುಚ್ಚಿ ಎಂದು ನೀನು ಬೈದೆ. ಮೊನ್ನೆ ಬೈಯಲಿಲ್ಲ, ಮೆತ್ತಗೆ ಹೇಳಿದೆ: "ನಿನ್ನ ಗಂಡನಂತೂ ರಷ್ಯಾದಲ್ಲಿ ಬೇರೆ ಸಂಸಾರ ಹೂಡಿದ. ನೀನಿನ್ನೂ ಚಿಕ್ಕವಳು, ಮತ್ತೆ ಮದುವೆ ಆಗ್ಬೇಕು. ಚೊಚ್ಚಲ ಮಗೂನ ಅಜ್ಜಿ ತನ್ನದು ಮಾಡ್ಕೊಳ್ಳೋದು ನಮ್ಮಲ್ಲಿ ಇದ್ದದ್ದೇ. ಇನ್ಮೇಲೆ ನನ್ನನ್ನ ಅಮ್ಮ ಅನ್ಲಿ, ನಿನ್ನನ್ನ ಅಕ್ಕ ಅನ್ಲಿ. ಆಯ್ತಾ?"

ಫೋನ್ ಇಟ್ಟ ಆ ಸಂಜೆಯೇ ಕೂಗು ಮತ್ತೆ ಬಂತು. ತಡೆಯಲಾರದೆ ಛಾವಣಿಗೆ ಓಡಿದೆ. ಟ್ಯಾಂಕುಗಳ ನಡುವೆ, ಖಾಲಿ ಬೀದಿಯತ್ತ ಬಗ್ಗಿ, ಉಮ್ ವಫಾ ಕೂಗುತ್ತಿದ್ದರು. ಹಗಲಲ್ಲಿ ಮೂರು ಮನೆಗೆ ಕೇಳುವ ಅವರ ಗಂಟಲಿನಿಂದಲೇ ಆ ಎಳೆಯ ದನಿ.

ನಿಮ್ಮಮ್ಮನನ್ನು ಕರೆಯುತ್ತಿದ್ದೀರಾ ಎಂದೆ. ಬೆಚ್ಚಿ ತಿರುಗಿದರು. "ನಮ್ಮಮ್ಮನ್ನಲ್ಲ ಕಣೇ, ನನ್ನ ವಫಾನ. ನಮ್ಮಲ್ಲಿ ತಾಯಿ ಮಗಳನ್ನೂ ಯಮ್ಮಾ ಅಂತ್ಲೇ ಕರೀತಾಳೆ. ನಿನ್ನ ಪುಸ್ತಕದಲ್ಲಿ ಇಲ್ವಾ?"

ವಫಾ ಎಂಟು ವರ್ಷದವಳಿದ್ದಾಗ ಜ್ವರದಲ್ಲಿ ತೀರಿಕೊಂಡಳಂತೆ. ಆಡಲು ಹೋದವಳನ್ನು ಊಟಕ್ಕೆ ಕರೆಯುವ ಹೊತ್ತಾದರೆ ಇವರಿಗೆ ಕೆಳಗೆ ಕೂರಲು ಆಗುವುದಿಲ್ಲ. "ಸತ್ತವಳ ಹೆಸರು ಯಾಕೆ, ಇರೋ ಮಗನ ಹೆಸರಲ್ಲಿ ಕರೆಸ್ಕೋ ಅಂತಾಳೆ ನನ್ನ ನಾದಿನಿ. ಅದನ್ನ ಹೇಳೋಕೆ ಅವಳ್ಯಾರು? ಕರೆದ್ರೆ ಬರದಿದ್ರೂ ನಾನು ವಫಾನ ತಾಯೀನೇ." ತಲೆಗೆ ಹೊದ್ದ ಬಟ್ಟೆಯಲ್ಲಿ ಮೂಗು ಒರೆಸಿಕೊಂಡು, ನನ್ನ ಮುಖ ನೋಡಿ, ನೀನ್ಯಾಕೆ ಅಳುತ್ತೀ ಎಂದು ಕೇಳಿದರು. ನಾನು ಉಮ್ ಅಲ್ತಿನಾಯ್ ಅಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಹಾಗಾಗಿ ಬೇಡ ಅಮ್ಮ. ಅವಳು ನಿನ್ನನ್ನು ಅಮ್ಮ ಎಂದು ಕರೆದರೆ ನನಗೆ ಸಂಕಟವಿಲ್ಲ, ಸಾಕುತ್ತಿರುವವಳು ನೀನು. ನನ್ನನ್ನು ಅಕ್ಕ ಎನ್ನಲು ಮಾತ್ರ ಅವಳಿಗೆ ಕಲಿಸಬೇಡ. ಮದುವೆ ತಪ್ಪಿದರೆ ತಪ್ಪಲಿ. ಬೇಸಿಗೆಯಲ್ಲಿ ಬಂದು ಅವಳನ್ನು ಇಲ್ಲಿಗೆ ಕರೆದುಕೊಂಡು ಬರುವ ದಾರಿ ಹುಡುಕುತ್ತೇನೆ. ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಕೂಗು ಈಗಲೂ ದಿನಾ ಬರುತ್ತದೆ. ಯಾರದೆಂದು ತಿಳಿದಿದ್ದರೂ ನಾನು ಪುಸ್ತಕ ಮುಚ್ಚಿ ಎದ್ದು ನಿಂತುಬಿಡುತ್ತೇನೆ.

ಅವಳ ಕೆನ್ನೆಗೊಂದು ಮುತ್ತು ಕೊಡು.

ನಿನ್ನ ಮಗಳು,
ಮೀರಿಮ್

ತಾ.ಕ.: ನಾನೂ ಅಜ್ಜಿಯನ್ನೇ ಅಮ್ಮ ಅನ್ನುತ್ತಿದ್ದೆ, ನಿನ್ನನ್ನು ಅಕ್ಕ. ಅಜ್ಜಿ ಹೋದ ಮೇಲೆ, ಏಳನೇ ವಯಸ್ಸಿನಲ್ಲಿ, ಮೊದಲ ಸಲ ನಿನ್ನನ್ನು "ಅಮ್ಮಾ" ಎಂದು ಕೂಗಿದೆ. ನೀನು ಅಂಗಳದಲ್ಲಿ ಹಾಲು ಹಿಂಡುತ್ತಿದ್ದೆ. ನೆನಪಿದೆಯಾ? ನೀನು ತಿರುಗಿಯೂ ನೋಡಲಿಲ್ಲ. ನಾನು ಬೇರೆ ಯಾರನ್ನೋ ಕರೆಯುತ್ತಿದ್ದೇನೆ ಎಂದುಕೊಂಡಿದ್ದೆ ನೀನು.