ಹಿಂದಿನ ಸೀಟಿನ ಅಪರಿಚಿತರು

ರೀ,

ವಾಕಿಂಗ್ ಮುಗಿಸಿ ಬಂದು ಮನೆಯೆಲ್ಲ ಕೂಗಾಡಬೇಡಿ. ಮಗಳು ಗೈಡಾಗಿ ಪ್ರವಾಸಿಗರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವ ಮೊದಲ ದಿನ ಇವತ್ತು. ಅದೇ ಬಸ್ಸಿಗೆ ನಾನೂ ಹೊರಟೆ. "ನೀವಿಬ್ರೂ ಬಂದ್ರೆ ನನ್ನ ಬಾಯೇ ಕಟ್ಟಿಹೋಗುತ್ತೆ, ಬರ್ಲೇಬೇಡಿ" ಅಂದಿದ್ದಳು, ನೆನಪಿದೆ. ಆದರೆ ಬಿಳಿಯರು ಕಟ್ಟಿದ ಪಟ್ಟಣಗಳನ್ನೂ ಆ ಪಾಳು ಕೋಟೆಯನ್ನೂ ತಿಂಗಳಿಡೀ ನಮ್ಮ ಊಟದ ಮೇಜಿನ ಮೇಲೆ ಕಟ್ಟಿ ತೋರಿಸಿದಳಲ್ಲ, ಉಪ್ಪಿನ ಡಬ್ಬಿಯೇ ಕಾವಲು ಗೋಪುರ! ನಿಜವಾದ ಗೋಪುರ ನೋಡದೆ ಹೇಗೆ ಇರಲಿ?

ಕಪ್ಪು ಕನ್ನಡಕ ಹಾಕಿ, ಪಕ್ಕದ ಮನೆಯವಳ ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಯಾರೂ ಪ್ರಶ್ನೆ ಕೇಳದಿದ್ದರೆ, ಅವಳಿಗೆ ಬಾಯಿಪಾಠವಾಗಿರುವುದನ್ನೇ ಮೂಗು ಹಿಡಿದುಕೊಂಡು ಕೇಳುತ್ತೇನೆ. ದನಿ ಗುರುತು ಸಿಗಬಾರದಲ್ಲ.

ಊಟ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಂಡು ತಿನ್ನಿ. ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆದಿರೋ, ಬಂದು ವಿಚಾರಿಸಿಕೊಳ್ಳುತ್ತೇನೆ.

ಅಲ್ಲ ರೀ, ಛತ್ರಿಗೆಂದು ಕಪಾಟು ತೆಗೆದರೆ ನಿಮ್ಮ ಟೋಪಿಯೂ ಇಲ್ಲ, ದುರ್ಬೀನೂ ಇಲ್ಲ! ದುರ್ಬೀನು ಹಿಡಿದು ಯಾರಾದರೂ ವಾಕಿಂಗಿಗೆ ಹೋಗುತ್ತಾರಾ? ಎಲಾ ಇವರ! ಹಾಗಾದರೆ ಈ ಚೀಟಿ ಓದುವವರು ಯಾರು?

ಮಗಳೇ, ಸಂಜೆ ಬಂದು ನೀನೇ ಓದಿಕೋ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ ಆ ಇಬ್ಬರು ಯಾರು ಅಂತ ಮಾತ್ರ ಕೇಳಬೇಡ.