ತೇಲಿಹೋದವನ್ನೂ ಎಣಿಸಬೇಕು

ಸೋಮವಾರ, ಊಟದ ಬಿಡುವು
ಸೂಕ್ಷ್ಮದರ್ಶಕದ ಕೋಣೆ

ನನ್ನ ಲೆಕ್ಕದಮ್ಮನಿಗೆ,

ನಾವು ಮಾತು ಬಿಟ್ಟು ಐದು ತಿಂಗಳಾಯಿತು. ಆದರೂ ನನ್ನವಳೆಂದೇ ಬರೆಯುತ್ತೇನೆ.

ಇಬ್ಬರನ್ನೂ ಕಾಯಂ ಮಾಡುತ್ತೇವೆ ಎಂದರು ಪ್ರಯೋಗಾಲಯದ ದೊಡ್ಡವರು. ಒಬ್ಬಳನ್ನು ಮಾಡಿದರು, ಅದು ನಾನು. ಸಂಶೋಧನಾ ಪ್ರಬಂಧದಲ್ಲಿ ಇಬ್ಬರ ಹೆಸರೂ ಇರುತ್ತದೆ ಎಂದರು. ನಿನ್ನದಿಲ್ಲ. ನಿನ್ನ ಎಣಿಕೆಯನ್ನು ಇನ್ನೊಮ್ಮೆ ನೋಡುತ್ತೇವೆ ಎಂದರು. ನೋಡದೆಯೇ ನಿನ್ನನ್ನು ಕೆಳಗಿನ ಮಹಡಿಯ ಗಾಜು ತೊಳೆಯುವ ಕೋಣೆಗೆ ತಳ್ಳಿದರು.

ಈ ಕೋಣೆ ನಿನಗೆ ಗೊತ್ತಲ್ಲ, ಕಿಟಕಿಗೆ ಕಪ್ಪು ಬಟ್ಟೆ, ನಡುಮಧ್ಯಾಹ್ನವೂ ಕತ್ತಲೆ. ಮಸೂರಕ್ಕೆ ಕಣ್ಣಿಟ್ಟರೆ ಸಾಕು, ಹಸಿರು. ನಾವು ಹೊರಗಿನಿಂದ ಕೊಟ್ಟ ಜೀನ್ ಒಳಗೆ ಸೇರಿದ ಜೀವಕೋಶ ಮಾತ್ರ ಹಾಗೆ ಬೆಳಗುತ್ತದೆ. ದೂರದ ಊರಲ್ಲಿ ಒಂದೊಂದೇ ಮನೆಗೆ ದೀಪ ಹತ್ತಿದ ಹಾಗಿದೆ ಕಣೇ, ಯಾರ ಮನೆಗೆ ಇನ್ನೂ ಕರೆಂಟು ಬಂದಿಲ್ಲ ಅಂತ ನೋಡು, ಎಂದು ನೀನು ನಗುತ್ತಿದ್ದೆ.

ಜೀನ್ ಒಳಸೇರಿಸಲು ಮೂರು ದಾರಿ ಹಿಡಿದಿದ್ದೆವು. ಕ್ಯಾಲ್ಸಿಯಂನ ನುಣ್ಣನೆ ಕಣಗಳಿಗೆ ಜೀನ್ ಅಂಟಿಸಿ ಮೇಲಿನಿಂದ ಉದುರಿಸುವುದು ಹಳೆಯ ದಾರಿ. ಒಂದು ದಿನ ಒಲಿಯಿತು, ಇನ್ನೊಂದು ದಿನ ಮುನಿಸಿಕೊಂಡಿತು. ಕೊಬ್ಬಿನ ಹನಿಯಲ್ಲಿ ಸುತ್ತಿ ಕೊಟ್ಟರೆ ಜೀವಕೋಶ ಅದನ್ನು ತನ್ನದೇ ಎಂದುಕೊಂಡು ಮೆಲ್ಲಗೆ ಒಳಗೆ ಕರೆದುಕೊಂಡಿತು. ಮೂರನೆಯದು ವಿದ್ಯುತ್ ಹೊಡೆತ. ಕ್ಷಣಕಾಲ ಪೊರೆ ತೂತಾಗುತ್ತದೆ, ಜೀನ್ ನುಗ್ಗುತ್ತದೆ. ಆ ಹೊಸ ಯಂತ್ರವೆಂದರೆ ನಮ್ಮ ದೊಡ್ಡವರಿಗೆ ಕೈಕೂಸು.

ಕೊಬ್ಬಿನ ತಟ್ಟೆಯಲ್ಲಿ ಇಬ್ಬರಿಗೂ ಹೆಚ್ಚುಕಡಿಮೆ ನೂರಕ್ಕೆ ಐವತ್ತೈದು ಬೆಳಗಿದವು. ವಿದ್ಯುತ್ತಿನ ತಟ್ಟೆಯಲ್ಲಿ ನೀನು ನಲವತ್ತು ಬರೆದೆ, ನಾನು ಎಂಬತ್ತು. ನಿನ್ನ ಕೈಯಲ್ಲಿ ಜೀವಕೋಶ ಬದುಕಲ್ಲಮ್ಮ, ಬಾಟಲಿ ತೊಳಿ ಹೋಗು ಎಂದರು ದೊಡ್ಡವರು. ಗುತ್ತಿಗೆ ನೌಕರರ ಪರ ಗೇಟಿನ ಮುಂದೆ ಗಂಟಲು ಹರಿದುಕೊಂಡು ಬೆಂಕಿಪೊಟ್ಟಣ ಎನಿಸಿಕೊಂಡ ನಾನು ನೆಲ ನೋಡುತ್ತ ನಿಂತಿದ್ದೆ.

ನನ್ನ ತಪ್ಪು ನನಗೆ ಮೊನ್ನೆ ತಾನೇ ಹೊಳೆಯಿತು. ಹೊಡೆತಕ್ಕೆ ಅರ್ಧಕ್ಕರ್ಧ ಜೀವಕೋಶಗಳು ಸಾಯುತ್ತವೆ. ಸತ್ತವು ತಳ ಬಿಟ್ಟು ತೇಲುತ್ತವೆ. ನಾನು ಆ ದ್ರವ ಚೆಲ್ಲಿ, ತಳದಲ್ಲಿ ಉಳಿದವನ್ನಷ್ಟೇ ಎಣಿಸಿದೆ. ನೀನು ಚೆಲ್ಲುವ ದ್ರವವನ್ನೂ ಮಸೂರದಡಿ ಇಟ್ಟು ಎಣಿಸಿದೆ. ಉಳಿದ ಐವತ್ತರಲ್ಲಿ ನಲವತ್ತು ಬೆಳಗಿದರೆ ನನಗದು ನೂರಕ್ಕೆ ಎಂಬತ್ತು, ಸತ್ತ ಐವತ್ತನ್ನೂ ಸೇರಿಸಿದ ನಿನಗೆ ನೂರಕ್ಕೆ ನಲವತ್ತು.

ಈಗೇಕೆ ಹೇಳುತ್ತಿದ್ದೇನೆ? ಶುಕ್ರವಾರ ಹೆಬ್ಬೆರಳಷ್ಟು ದೊಡ್ಡ ಒಂದು ಸೀಸೆ ಬಂತು. ಅದರಲ್ಲಿರುವುದು ಏಳು ವರ್ಷದ ಹುಡುಗಿಯೊಬ್ಬಳ ಚರ್ಮದ ಜೀವಕೋಶಗಳು. ಬಟ್ಟೆ ಉಜ್ಜಿದರೂ ಅವಳ ಚರ್ಮ ಬೊಕ್ಕೆಯೇಳುತ್ತದೆ. ಸರಿಯಾದ ಜೀನ್ ಈ ಜೀವಕೋಶಗಳಲ್ಲಿ ಸೇರಿ ನಿಂತರೆ, ಅವನ್ನೇ ಬೆಳೆಸಿ ಅವಳಿಗೆ ಹೊದಿಸಬಹುದು. ಇನ್ನೊಂದು ತುಂಡು ಕತ್ತರಿಸೋ ಹಾಗಿಲ್ಲ, ಆ ಗಾಯ ಮಾಯೋದಿಲ್ಲ ಎಂದು ವೈದ್ಯೆ ಹೇಳಿದ್ದಾರೆ. ಬುಧವಾರ ಇಡೀ ಸೀಸೆಯನ್ನು ಯಂತ್ರಕ್ಕೆ ಹಾಕುತ್ತಾರಂತೆ. ಆಧಾರ ನನ್ನ ಎಂಬತ್ತು.

ಅಂದೇ ಹುಡುಗಿಯ ಅಮ್ಮ ಮೊಗಸಾಲೆಯ ಬೆಂಚಿನಲ್ಲಿ ಕೂತಿದ್ದಳು. ನೂರರಲ್ಲಿ ಎಷ್ಟಕ್ಕೆ ಸೇರುತ್ತೆ ಮೇಡಂ ಅಂದಳು. ಎಂಬತ್ತು ಅಂದೆ. ಹಾಗಾದ್ರೆ ಇಪ್ಪತ್ತೇ ತಾನೇ ಕೈಬಿಡೋದು, ಹೋಗ್ಲಿ ಬಿಡಿ, ನಮ್ಮ ಪುಟ್ಟಿಗೆ ಅಷ್ಟು ಸಾಕು ಎಂದು ನಕ್ಕಳು.

ಆಮೇಲೆ ಇಲ್ಲಿಗೆ ಬಂದು ಮಸೂರದ ಮುಂದೆಯೇ ತೂಕಡಿಸಿದೆ. ಕನಸಿನಲ್ಲಿ, ಜೀವಕೋಶ ಬೆಳೆಸುವ ತಿಳಿಗೆಂಪು ದ್ರವದಲ್ಲಿ ನಾನೂ ತೇಲುತ್ತಿದ್ದೆ. ಬೆಚ್ಚಗಿತ್ತು. ಸುತ್ತ ಬೆಳಕಿಲ್ಲದ ದುಂಡನೆಯವರು ಸಾವಿರಗಟ್ಟಲೆ, ಸದ್ದಿಲ್ಲದ ಮೆರವಣಿಗೆ. ಅವರಲ್ಲೊಬ್ಬಳು ತಿರುಗಿ, ನಮ್ಮ ಹಾಜರಿ ಹಾಕಿದೆಯಾ ಎಂದು ಕೇಳಿದಳು. ಬಯ್ಗುಳವಿರಲಿಲ್ಲ ಆ ದನಿಯಲ್ಲಿ. ಬಯ್ದಿದ್ದರೆ ಚೆನ್ನಾಗಿತ್ತು.

ಕೊಬ್ಬಿನ ಹನಿಯಲ್ಲಿ ಸಾಯುವುದು ನೂರಕ್ಕೆ ಐದು ಮಾತ್ರ, ಈ ಸೀಸೆಗೆ ಆ ದಾರಿಯೇ ಸರಿ. ದೊಡ್ಡವರ ಮುಂದೆ ಇದನ್ನು ಹೇಳಲು ನಿನ್ನ ಎಣಿಕೆ ಪುಸ್ತಕ ಬೇಕು. ನೀನು ಅದನ್ನು ಎಸೆದಿರುವುದಿಲ್ಲ, ನನಗೆ ಗೊತ್ತು. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ನನಗಾಗಿ ಬರಬೇಡ, ಆ ಸೀಸೆಗಾಗಿ ಬಾ.

ನಿನ್ನ
ಬೆಂಕಿಪೊಟ್ಟಣ

ತಾ.ಕ.: ಮೊನ್ನೆ ಹೊಳೆಯಿತು ಎಂದು ಬರೆದದ್ದು ಸುಳ್ಳು. ನೀನು ಕೆಳಗಿನ ಮಹಡಿಗೆ ಹೋಗುವ ಹಿಂದಿನ ದಿನವೇ ನಾನೂ ತೇಲಿದವನ್ನು ಎಣಿಸಿ ನೋಡಿದ್ದೆ. ನನಗೂ ನಲವತ್ತೇ ಬಂತು. ಕಾಯಂ ಪತ್ರಕ್ಕೆ ಸಹಿ ಬೀಳುವುದಿತ್ತು, ಬಾಯಿ ಮುಚ್ಚಿಕೊಂಡೆ. ಆ ಹಾಳೆಯನ್ನು ಹರಿದಿಲ್ಲ. ಅದರಲ್ಲಿ ದಿನಾಂಕವಿದೆ, ನನ್ನ ಸಹಿಯಿದೆ. ನೀನು ಬಂದರೂ ಬಾರದಿದ್ದರೂ ಅದನ್ನು ದೊಡ್ಡವರ ಮೇಜಿನ ಮೇಲೆ ಇಡುತ್ತೇನೆ, ಹುಡುಗಿಯ ಅಮ್ಮನನ್ನೂ ಒಳಗೆ ಕರೆದು ಕೂರಿಸುತ್ತೇನೆ. ಯಂತ್ರ ಶುರುವಾಗುವುದು ಹತ್ತಕ್ಕೆ. ನಾವು ಸೇರುವುದು ದೊಡ್ಡವರ ಕೋಣೆಯಲ್ಲಿ, ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ.